ಇಂಗ್ಲಿಷ್ ಕೇಳಿದ್ರೆ ನಾವು ಕನ್ನಡ ದ್ರೋಹಿಗಳಾ?

ಪೋಸ್ಟ್ ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದಿ.

ಪ್ರತಿ ವರ್ಷ ಮೇ ಕೊನೆ, ಜೂನ್ ಮೊದಲ ವಾರ ನಾವು ನಾಲ್ಕೈದು ಜನ ಹೊಸಪೇಟೆ, ಕಮಲಾಪುರ, ಕಂಪ್ಲಿ, ಸಂಡೂರು ಕಡೆಯ ಕೇರಿಗಳಲ್ಲಿ ತಿರುಗ್ತೀವಿ. ಶಾಲೆ ಬಿಟ್ಟ ಮಕ್ಕಳನ್ನ ಮತ್ತೆ ಸೇರಿಸೋದು, ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿಕೊಡೋದು, ಹಾಸ್ಟೆಲ್ ಅರ್ಜಿ ತುಂಬೋದು ನಮ್ಮ ಕೆಲಸ. ಯಾವ ಮನೆಗೆ ಹೋದ್ರೂ ಮೊದಲನೇ ಪ್ರಶ್ನೆ ಒಂದೇ: "ಯಣ್ಣಾ, ಆ ಸಾಲ್ಯಾಗ ಇಂಗ್ಲಿಷ್ ಐತೇನು?" ಮೇಷ್ಟ್ರು ಸರಿಯಾಗಿ ಬರ್ತಾರಾ, ಬಿಸಿಯೂಟ ಹೆಂಗೈತಿ ಅನ್ನೋದೆಲ್ಲ ಆಮೇಲಿನ ಮಾತು.

ಇದನ್ನ ಒಂದು ಸಭೆಯಲ್ಲಿ ಹೇಳಿದ್ದಕ್ಕೆ ಹಿರಿಯರೊಬ್ಬರು ಎದ್ದು, "ನಿಮ್ಮ ಜನ ಹೀಗೆ ಇಂಗ್ಲಿಷ್ ಹಿಂದೆ ಬಿದ್ರೆ ಕನ್ನಡ ಉಳಿಯೋದು ಹೇಗಪ್ಪಾ?" ಅಂದ್ರು. ಕನ್ನಡ ಉಳಿಸೋ ಹೊರೆ ನಮ್ಮ ಕೇರಿ ಮಕ್ಕಳ ತಲೆ ಮೇಲೆ ಯಾವಾಗ ಬಂತು ಅಂತ ಅವತ್ತಿಂದ ಯೋಚನೆ ಮಾಡ್ತಾ ಇದ್ದೀನಿ.

ನಮ್ಮ ತಾತನಿಂದ ಶುರು ಮಾಡ್ತೀನಿ. 1945ರಲ್ಲಿ ತುಂಗಭದ್ರಾ ಡ್ಯಾಮ್ ಕೆಲಸ ಶುರುವಾದಾಗ ಅವನು ಕಲ್ಲು ಹೊತ್ತವನು. ಆಗ ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸಂಡೂರು ರಾಜರ ಸಂಸ್ಥಾನ, 1949ರಲ್ಲಿ ಮದ್ರಾಸಿಗೆ ಸೇರಿತು. ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಬಂದಿದ್ದು 1953ರ ಅಕ್ಟೋಬರ್ 1ಕ್ಕೆ. ತಾತ ಹೇಳ್ತಿದ್ದ ಮಾತು ನನಗೆ ಹಂಗೇ ನೆನಪೈತಿ: "ಇಂಜಿನಿಯರ್‌ದು ಇಂಗ್ಲಿಷ್, ಮೇಸ್ತ್ರಿದು ತಮಿಳು, ಗುತ್ತಿಗೆದಾರಂದು ತೆಲುಗು. ಕಲ್ಲು ಹೊರೋರ್ದು ಕನ್ನಡ." ಡ್ಯಾಮ್ ಕಟ್ಟಿದ್ದು ಕಲ್ಲು, ಗಾರೆಯಿಂದ ಅಂತ ಎಲ್ಲರಿಗೂ ಗೊತ್ತು. ಅದರ ಜೊತೆ ಭಾಷೆಗಳ ಒಂದು ಏಣಿನೂ ಅಲ್ಲಿ ಕಟ್ಟಿದ್ರು, ನಮ್ಮವರನ್ನ ಅದರ ಕೆಳಗಿನ ಮೆಟ್ಟಿಲ ಮೇಲೆ ನಿಲ್ಲಿಸಿದ್ರು.

ತಾತ ತಮಿಳು ಮಾತಾಡ್ತಿದ್ದ, ತೆಲುಗು ಮಾತಾಡ್ತಿದ್ದ, ತಮಿಳಲ್ಲಿ ನೂರರವರೆಗೂ ಎಣಿಸ್ತಿದ್ದ. ಕೂಲಿ ಲೆಕ್ಕ ತಪ್ಪಬಾರದಲ್ಲ! ಆದ್ರೆ ಮೂರೂ ಭಾಷೆಯಲ್ಲಿ ಒಂದಕ್ಷರ ಬರೆಯೋಕೆ ಬರ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನದು ಹೆಬ್ಬೆಟ್ಟು. ನಮ್ಮ ಜನಕ್ಕೆ ಭಾಷೆ ಕಿವಿಗೆ ಸಿಕ್ಕಿತು, ಕೈಗೆ ಸಿಗಲಿಲ್ಲ. ಈಗ ನಮ್ಮ ತಾಯಂದಿರು ಇಂಗ್ಲಿಷ್ ಬೇಕು ಅಂದಾಗ ಕೇಳ್ತಿರೋದು ಆ ಕೈಗೆ ಸಿಗದೇ ಹೋದದ್ದನ್ನ.

ತಮಿಳಿನ ವಿಷಯ ಈಗ ಬೇರೇನೇ ಆಗೈತಿ. ಹಳಬರಿಗೆ ಅದು ಮೇಸ್ತ್ರಿ ಬೈಗುಳದ ಭಾಷೆ. ನಮ್ಮ ಹಾಸ್ಟೆಲ್ ಹುಡುಗರಿಗೆ ಅದು ಪಾ. ರಂಜಿತ್, ಮಾರಿ ಸೆಲ್ವರಾಜ್ ಭಾಷೆ. 'ಜೈ ಭೀಮ್', 'ಅಸುರನ್', 'ಕರ್ಣನ್' ಎಲ್ಲ ಮೊಬೈಲಲ್ಲೇ ನೋಡಿದ್ದಾರೆ. 2018ರ 'ಪರಿಯೇರುಂ ಪೆರುಮಾಳ್' ನೋಡಿದ ದಿನ ಒಬ್ಬ ಹುಡುಗ ರಾತ್ರಿಯೆಲ್ಲ ಮಲಗಲಿಲ್ಲವಂತೆ. ಆ ಸಿನಿಮಾದ ಹುಡುಗ ಲಾ ಕಾಲೇಜಿಗೆ ಸೇರ್ತಾನೆ, ಇಂಗ್ಲಿಷ್ ಪಾಠ ತಲೆಗೆ ಹತ್ತಲ್ಲ, ಕ್ಲಾಸಲ್ಲಿ ಅವಮಾನ ಆಗ್ತದೆ. "ಅಣ್ಣಾ, ಅದು ನಂದೇ ಕಥಿ. ತಮಿಳ್ದಾಗ ಐತಿ, ಅಷ್ಟೇ" ಅಂದ. ಗಡಿ ಆಚೆಯ ಭಾಷೆಯಲ್ಲಿ ಅವನು ತನ್ನ ಮುಖ ಕಂಡ. ಮನೇಲಿ ಅಪ್ಪ ಮಾತ್ರ, "ತಮಿಳು ನೋಡಿ ಏನ್ ಮಾಡ್ತಿ? ಅದೇ ಟೈಮಿಗೆ ಇಂಗ್ಲಿಷ್ ಓದು" ಅಂತ ಬೈತಾನೆ. ಹುಡುಗನಿಗೆ ತಮಿಳು ಅಂದ್ರೆ ಧೈರ್ಯ, ಇಂಗ್ಲಿಷ್ ಅಂದ್ರೆ ಭಯ. ಅಪ್ಪನಿಗೆ ಇಂಗ್ಲಿಷ್ ಒಂದೇ ದಾರಿ.

ಹಂಪಿಗೆ ಬನ್ನಿ. ವಿರೂಪಾಕ್ಷ ಗುಡಿ ಮುಂದೆ ನಕ್ಷೆ, ಪೋಸ್ಟ್‌ಕಾರ್ಡ್ ಮಾರೋ ಹುಡುಗರನ್ನ ನೋಡಿ. ವಿದೇಶಿಯರ ಜೊತೆ ಇಂಗ್ಲಿಷಿನಲ್ಲಿ ಚೌಕಾಸಿ ಮಾಡ್ತಾರೆ, ಜೋಕ್ ಹೊಡೀತಾರೆ, ವಿಠಲ ದೇವಸ್ಥಾನಕ್ಕೆ ದಾರಿ ಹೇಳ್ತಾರೆ. ಅವರಲ್ಲೇ ಕೆಲವರು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಫೇಲ್! ಬಾಯಲ್ಲಿರೋ ಇಂಗ್ಲಿಷಿಗೆ ಮಾರ್ಕ್ಸ್ ಇಲ್ಲ. ಪ್ರಶ್ನೆಪತ್ರಿಕೆಯ ಇಂಗ್ಲಿಷನ್ನ ಅವರಿಗೆ ಯಾರೂ ಕೂತು ಕಲಿಸಿಲ್ಲ. ನಮ್ಮ ಮಕ್ಕಳಿಗೆ ಭಾಷೆ ಹತ್ತಲ್ಲ ಅನ್ನೋರು ಒಂದು ಸಂಜೆ ಅಲ್ಲಿ ನಿಂತು ನೋಡಲಿ.

ಕಂಪ್ಲಿ ಕಡೆ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ರೈತರು ಬಂದು ಕ್ಯಾಂಪ್ ಕಟ್ಟಿಕೊಂಡ್ರು. ಅವರ ಭತ್ತದ ಗದ್ದೆಯಲ್ಲಿ ನಾಟಿ ಹಚ್ಚೋ ನಮ್ಮ ಅವ್ವಂದಿರಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಬೆಳಿಗ್ಗೆ ಖಾಸಗಿ ಶಾಲೆಯ ಹಳದಿ ಬಸ್ ಮೇನ್ ರೋಡಿನ ಮನೆಗಳ ಮುಂದೆ ನಿಲ್ಲತ್ತೆ, ಕೇರಿ ಮುಂದೆ ನಿಲ್ಲಲ್ಲ. ಒಬ್ಬ ಅವ್ವ ಸಂಘದಲ್ಲಿ ಸಾಲ ಎತ್ತಿ ಮಗಳನ್ನ ಆ ಬಸ್ ಹತ್ತಿಸಿದ್ಲು. ಎರಡು ವರ್ಷಕ್ಕೆ ಕಂತು ಕಟ್ಟೋಕಾಗದೆ ಇಳಿಸಿದ್ಲು. "ಬಸ್ಸಿಂದ ಇಳಿಸಿದ ದಿನ ನನ್ ಕೂಸು ಅಳಲಿಲ್ಲ ಯಣ್ಣಾ, ಸುಮ್ನಾಗಿಬಿಟ್ಲು" ಅಂದ್ಲು. ಅತ್ತಿದ್ರೆ ಚೆನ್ನಾಗಿರ್ತಿತ್ತು.

ಇಂಥ ಮಕ್ಕಳಿಗೆ ಒಂದು ಬಾಗಿಲಿತ್ತು. ಆರ್‌ಟಿಇಯ 25% ಉಚಿತ ಸೀಟು. 2019-20ರಿಂದ ನಮ್ಮ ರಾಜ್ಯದಲ್ಲಿ ನಿಯಮ ಬದಲಾಯಿತು: ಹತ್ತಿರ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ. ಅದೇ ವರ್ಷ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ಅದಕ್ಕೂ ಮುಂಚೆ, ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದಲ್ಲೇ ಇದಕ್ಕೆ ದೊಡ್ಡ ವಿರೋಧ ಬಂತು. ಸಾಹಿತಿಗಳ ಆತಂಕ ಸುಳ್ಳಲ್ಲ, ತಾಯ್ನುಡಿಯಲ್ಲಿ ಮಗು ಚೆನ್ನಾಗಿ ಕಲೀತದೆ ಅನ್ನೋದನ್ನ ನಾನೂ ಒಪ್ತೀನಿ. ಆದ್ರೆ 2014ರ ಮೇ 6ರಂದು ಸುಪ್ರೀಂ ಕೋರ್ಟ್ ಸಂವಿಧಾನ ಪೀಠ, ಸರ್ಕಾರ ಮಾತೃಭಾಷಾ ಮಾಧ್ಯಮವನ್ನ ಹೇರುವಂತಿಲ್ಲ ಅಂತ ತೀರ್ಪು ಕೊಟ್ಟ ಮೇಲೆ ದುಡ್ಡಿದ್ದೋರಿಗೆ ದಾರಿ ಸಲೀಸಾಯಿತು. ಫೀಸು ಕಟ್ಟೋರ ಮಕ್ಕಳಿಗೆ ಆಯ್ಕೆ, ಕೂಲಿ ಮಾಡೋರ ಮಕ್ಕಳಿಗೆ ಭಾಷಾಪ್ರೇಮ. ಇದು ಯಾವ ನ್ಯಾಯ?

ಹಂಗಂತ ಬೋರ್ಡ್ ಬದಲಾಯಿಸಿದ್ರೆ ಇಂಗ್ಲಿಷ್ ಬರ್ತದಾ? ಅದೂ ಇಲ್ಲ. ಕನ್ನಡದಲ್ಲಿ ಐದನೇ ಕ್ಲಾಸ್ ಓದಿ, ಪ್ರವೇಶ ಪರೀಕ್ಷೆ ಪಾಸಾಗಿ ಸರ್ಕಾರಿ ವಸತಿ ಶಾಲೆಗೆ ಆರನೇ ಕ್ಲಾಸಿಗೆ ಹೋಗ್ತಾರೆ ನಮ್ಮ ಮಕ್ಕಳು. ಅಲ್ಲಿ ಬಹುತೇಕ ಇಂಗ್ಲಿಷ್ ಮಾಧ್ಯಮ. ಜಾಣ ಮಕ್ಕಳೇ ಹೋಗೋದು. ಹೋದ ಮೂರು ತಿಂಗಳು ಬಾಯಿ ಬಿಡಲ್ಲ. ಸಂಡೂರು ಕಡೆಯ ಒಬ್ಬ ಹುಡುಗಿ ದಸರಾ ರಜೆಗೆ ಬಂದೋಳು ವಾಪಸ್ ಹೋಗಲ್ಲ ಅಂತ ಹಟ ಹಿಡಿದಿದ್ಲು. ಅವಳ ಅವ್ವ ಗಣಿಯಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆದೋಳು, 2011ರಲ್ಲಿ ಕೋರ್ಟ್ ಗಣಿ ನಿಲ್ಲಿಸಿದ ಮೇಲೆ ಸಿಕ್ಕಿದ ಕೂಲಿ ಮಾಡಿದೋಳು. ನನ್ನ ಕರೆಸಿದ್ರು. ಹುಡುಗಿ ಹೇಳಿದ್ದು ಒಂದೇ ಮಾತು: "ಅಣ್ಣಾ, ನಾನು ದಡ್ಡಿ ಅಲ್ಲ. ಇಂಗ್ಲಿಷ್‌ದಾಗ ದಡ್ಡಿ ಆಗೀನಿ."

ಎಷ್ಟು ಸರಿಯಾಗಿ ಹೇಳಿದ್ಲು ನೋಡಿ! ಆ ಒಂದು ತಿಂಗಳು ನಮ್ಮ ಹುಡುಗಿಯೊಬ್ಬಳು, ಡಿಗ್ರಿ ಓದೋಳು, ದಿನಾ ಸಂಜೆ ಫೋನಿನಲ್ಲಿ ವಿಜ್ಞಾನದ ಪಾಠ ಕನ್ನಡದಲ್ಲಿ ಹೇಳಿ, ಅದೇ ಪಾಠದ ಇಪ್ಪತ್ತು ಇಂಗ್ಲಿಷ್ ಪದ ಬರೆಸಿದ್ಲು. ಕನ್ನಡದಲ್ಲಿ ಅರ್ಥ ಆದದ್ದು ಇಂಗ್ಲಿಷಿನಲ್ಲಿ ನಿಧಾನಕ್ಕೆ ಹತ್ತಿತು. ಹುಡುಗಿ ವಾಪಸ್ ಹೋದ್ಲು, ಈಗ ಒಂಬತ್ತನೇ ಕ್ಲಾಸು. ಇಂಗ್ಲಿಷಿಗೆ ಕನ್ನಡವೇ ಸೇತುವೆ ಅಂತ ನಾನು ಕಲಿತಿದ್ದು ಯಾವ ಶಿಕ್ಷಣ ತಜ್ಞರಿಂದಲೂ ಅಲ್ಲ, ಈ ಇಬ್ಬರು ಹೆಣ್ಣುಮಕ್ಕಳಿಂದ.

ಬಾಬಾಸಾಹೇಬರನ್ನೇ ನೋಡಿ. ಕೊಲಂಬಿಯಾದಲ್ಲಿ ಓದಿದ್ರು, ಜಗತ್ತಿಗೆ ಇಂಗ್ಲಿಷಿನಲ್ಲಿ ವಾದ ಮಂಡಿಸಿದ್ರು. ತಮ್ಮ ಜನಕ್ಕೆ 1920ರಲ್ಲಿ 'ಮೂಕನಾಯಕ' ತಂದಿದ್ದು ಮರಾಠಿಯಲ್ಲಿ. ಸಾವಿತ್ರಿಬಾಯಿ ಫುಲೆ ಇಂಗ್ಲಿಷ್ ಕಲಿಯಿರಿ ಅಂತ ಕವಿತೆ ಬರೆದಿದ್ದೂ ಮರಾಠಿಯಲ್ಲೇ. ಒಂದನ್ನ ಬಿಟ್ಟು ಇನ್ನೊಂದು ಹಿಡೀರಿ ಅಂತ ಇವರ್ಯಾರೂ ನಮಗೆ ಹೇಳಿಕೊಡಲಿಲ್ಲ.

ಕನ್ನಡ ಉಳಿಸೋ ಬಗ್ಗೆ ಮಾತಾಡೋರು ತಮಿಳುನಾಡಿನಿಂದ ಒಂದು ಪಾಠ ಕಲೀಬಹುದು. ಅಲ್ಲೂ ತಂದೆತಾಯಿ ಇಂಗ್ಲಿಷ್ ಕೇಳಿದ್ರು, 2012-13ರಿಂದ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ವಿಭಾಗ ಬಂತು. ಅದಕ್ಕೂ ಮುಂಚೆ, 2010ರಲ್ಲೇ, ತಮಿಳು ಮಾಧ್ಯಮದಲ್ಲಿ ಓದಿದೋರಿಗೆ ಸರ್ಕಾರಿ ನೇಮಕಾತಿಯಲ್ಲಿ 20% ಮೀಸಲು ಅಂತ ಕಾನೂನು ಮಾಡಿದ್ರು. ನಮ್ಮಲ್ಲಿ ಕನ್ನಡ ಮಾಧ್ಯಮದೋರಿಗೆ 5%. ನವೆಂಬರ್ ಒಂದರಂದು ಬಾವುಟ ಹಾರಿಸೋ ಮೊದಲು ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಅನ್ನ ಕೊಡೋ ಭಾಷೆಯನ್ನ ಜನ ಬಿಡಲ್ಲ.

ಹಾಗಾಗಿ ನಾವು ಕೇಳ್ತಿರೋದು ಇಷ್ಟು. ಪ್ರತಿ ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಕಲಿಸೋಕೆ ತರಬೇತಾದ ಶಿಕ್ಷಕರು ಬೇಕು. ವಸತಿ ಶಾಲೆಗೆ ಸೇರೋ ಮಕ್ಕಳಿಗೆ ಮೊದಲ ಮೂರು ತಿಂಗಳು ಕನ್ನಡದ ಮೂಲಕ ಇಂಗ್ಲಿಷ್ ಹಿಡಿಸೋ ತರಗತಿ ಬೇಕು. ಆರ್‌ಟಿಇ ಸೀಟಿನ ಬಾಗಿಲು ಮತ್ತೆ ತೆಗೀಬೇಕು. ಕನ್ನಡ ಮಾಧ್ಯಮದ 5% ಜಾಸ್ತಿ ಆಗಬೇಕು. ಇದರಲ್ಲಿ ಕನ್ನಡಕ್ಕೆ ದ್ರೋಹ ಆಗೋದು ಯಾವುದು, ತೋರಿಸಿ.

ವಸತಿ ಶಾಲೆಗೆ ಆಯ್ಕೆಯಾದ ಮಕ್ಕಳು ನಿಮ್ಮ ಓಣಿಯಲ್ಲಿದ್ರೆ ಈಗಲೇ ಹೋಗಿ ಮಾತಾಡಿಸಿ. ಡಿಗ್ರಿ ಓದೋ ತಮ್ಮಂದಿರು, ತಂಗಿಯರು ದಿನಕ್ಕೆ ಅರ್ಧ ಗಂಟೆ ಕೊಟ್ರೆ ಸಾಕು. ಕೊಡೋಕಾಗೋರು ಇನ್‌ಬಾಕ್ಸಿಗೆ ಬನ್ನಿ, ಯಾವ ಮಗುವಿಗೆ ಪಾಠ ಬೇಕು ಅಂತ ಹೇಳ್ತೀನಿ. ಬೈಯೋರು ಕಾಮೆಂಟಲ್ಲಿ ಬೈರಿ, ಆದ್ರೆ ನಿಮ್ಮ ಮಕ್ಕಳು ಯಾವ ಮಾಧ್ಯಮದಲ್ಲಿ ಓದ್ತಿದ್ದಾರೆ ಅಂತ ಮೊದಲ ಸಾಲಲ್ಲೇ ಬರೀರಿ.

ಜೈಭೀಮ್.