ದೋಣಿಯ ಮೇಲೆ ಯಾರ ಹೆಸರು?

1896ರ ಜುಲೈ. ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಹದಿನೆಂಟು ಅಡಿ ಉದ್ದದ ಒಂದು ತೆರೆದ ಮರದ ದೋಣಿ. ಹಾಯಿ ಇಲ್ಲ, ಎಂಜಿನ್ ಇಲ್ಲ, ತಲೆಯ ಮೇಲೆ ಸೂರಿಲ್ಲ. ಇಬ್ಬರು ಮನುಷ್ಯರು, ಅವರ ಹುಟ್ಟುಗಳು, ಅಷ್ಟೇ. ಗಾಳಿ ಏರುತ್ತಿದೆ. ಒಳಗೆ ನುಗ್ಗಿದ ನೀರನ್ನು ಒಬ್ಬ ಮೊಗೆದು ಚೆಲ್ಲುತ್ತಾನೆ, ಇನ್ನೊಬ್ಬ ದೋಣಿಯ ಮೂತಿಯನ್ನು ಅಲೆಗೆ ಎದುರು ಹಿಡಿಯಲು ಒದ್ದಾಡುತ್ತಾನೆ. ಚೆಲ್ಲಿದಷ್ಟೂ ತುಂಬುತ್ತಿದೆ. ಆಗ ಎದ್ದ ಒಂದು ಅಲೆ ಉಳಿದವುಗಳಂತೆ ಕೆಳಗೆ ಜಾರಿ ಹೋಗಲಿಲ್ಲ. ಗೋಡೆಯ ಹಾಗೆ ಮೈಮೇಲೆಯೇ ಕುಸಿಯಿತು. ದೋಣಿ ಮಗುಚಿತು. ಜಾರ್ಜ್ ಹಾರ್ಬೋ, ಫ್ರಾಂಕ್ ಸ್ಯಾಮ್ಯುಯೆಲ್‌ಸನ್ ಇಬ್ಬರೂ ನೀರಿನಲ್ಲಿ.

ಇಬ್ಬರೂ ನಾರ್ವೆಯಲ್ಲಿ ಹುಟ್ಟಿ, ಅಮೆರಿಕದ ನ್ಯೂಜೆರ್ಸಿ ತೀರದಲ್ಲಿ ಚಿಪ್ಪುಮೀನು ಬಗೆದು ಹೊಟ್ಟೆ ಹೊರೆಯುತ್ತಿದ್ದವರು. ಸಮುದ್ರ ಹೇಗೆ ಮೋಸ ಮಾಡುತ್ತದೆ ಎಂದು ಗೊತ್ತಿದ್ದವರು. ಅದಕ್ಕೇ ದೋಣಿಯ ಹೊರತಳಕ್ಕೆ ಮೊದಲೇ ಹಿಡಿಕೆ ಜೋಡಿಸಿಕೊಂಡಿದ್ದರು. ಮಗುಚಿದರೆ ಹಿಡಿದು ಎಳೆಯಲು! ಕೊರೆಯುವ ನೀರಿನಲ್ಲಿ ಆ ಹಿಡಿಕೆ ಸಿಕ್ಕಿತು. ಎಳೆದರು. ದೋಣಿ ಮತ್ತೆ ನೆಟ್ಟಗಾಯಿತು. ಹತ್ತಿ ಕೂತು ನೋಡಿದರೆ ಊಟದ ಸಾಮಾನಿನ ಬಹುಪಾಲು ಸಮುದ್ರ ಪಾಲಾಗಿತ್ತು. ಒದ್ದೆ ಬಟ್ಟೆಯಲ್ಲಿ, ಅರೆಹೊಟ್ಟೆಯಲ್ಲಿ ಹುಟ್ಟು ಹಾಕುತ್ತ ಹೋದರು. ಕೆಲವು ದಿನಗಳ ಮೇಲೆ ನಾರ್ವೆಯದೇ ಒಂದು ಹಡಗು, ‘ಸೀಟೊ’, ಎದುರಾಗಿ ಅನ್ನ-ನೀರು ಕೊಟ್ಟಿತು. ಜೂನ್ 6ರಂದು ನ್ಯೂಯಾರ್ಕ್ ಬಿಟ್ಟವರು ಆಗಸ್ಟ್ 1ರಂದು ಇಂಗ್ಲೆಂಡಿನ ಸಿಲಿ ದ್ವೀಪ ಮುಟ್ಟಿದರು. 55 ದಿನ. ಮನುಷ್ಯ ಬರೀ ತೋಳಬಲದಿಂದ ಸಾಗರ ದಾಟಿದ್ದು ಅದೇ ಮೊದಲು.

ಆ ದೋಣಿಯ ಹೆಸರು ‘ಫಾಕ್ಸ್’. ನರಿಯ ಹೆಸರಲ್ಲ. ‘ನ್ಯಾಷನಲ್ ಪೊಲೀಸ್ ಗೆಜೆಟ್’ ಪತ್ರಿಕೆಯ ಒಡೆಯ ರಿಚರ್ಡ್ ಕೆ. ಫಾಕ್ಸ್‌ನ ಹೆಸರು. ಕೊಲೆ, ಹಗರಣ, ಮುಷ್ಟಿಕಾಳಗದ ಸುದ್ದಿ ಮಾರಿ ಕಾಸು ಮಾಡಿದ ಆಸಾಮಿ. ಗೆದ್ದ ಬಾಕ್ಸರುಗಳ ಸೊಂಟಕ್ಕೆ ತನ್ನ ಪತ್ರಿಕೆಯ ಹೆಸರಿನ ಪಟ್ಟ ಕಟ್ಟಿಸುತ್ತಿದ್ದವನು. ಹತ್ತು ಸಾವಿರ ಡಾಲರ್ ಬಹುಮಾನದ ಮಾತು ಕಥೆಗಳಲ್ಲಿ ತೇಲಿ ಬರುತ್ತದೆ. ಆ ಇಬ್ಬರ ಕೈಗೆ ಬಂದದ್ದು ಚಿನ್ನದ ಪದಕ.

ಔರಾದದ ಚಹಾದ ಹೊಟೇಲಿನಲ್ಲಿ ಕೂತು ನಾನು ಈ ಕಥೆ ಹೇಳುತ್ತಿದ್ದೆ. ಕೇಳುತ್ತಿದ್ದವರು ಒಂದು ಕಾಲದಲ್ಲಿ ಕೆಂಪು ಮಣ್ಣಿನ ಅಖಾಡದಲ್ಲಿ ಹೆಸರು ಮಾಡಿದ್ದ ಹಿರಿಯ ಪೈಲ್ವಾನರು. ಕರ್ನಾಟಕದ ನೆತ್ತಿಯ ಮೇಲಿನ ತಾಲೂಕು ನಮ್ಮದು. ಯಾವ ದಿಕ್ಕಿಗೆ ಹೊರಟರೂ ಸಮುದ್ರ ಒಂದು ರಾತ್ರಿಯ ಬಸ್ಸಿನಾಚೆ. ನಮಗೆ ದೊಡ್ಡ ನೀರೆಂದರೆ ಮಳೆಗಾಲದ ಮಾಂಜ್ರಾ, ಭಾಲ್ಕಿ ಕಡೆಯ ಕಾರಂಜಾ ಡ್ಯಾಮು, ಬೇಸಿಗೆಯಲ್ಲಿ ಟ್ಯಾಂಕರು. ಆದರೆ ಅವರು ನೀರಿನ ಬಗ್ಗೆ ಕೇಳಲೇ ಇಲ್ಲ.

“ರೊಕ್ಕ ಯಾರ್ ಹಾಕ್ಯಾರ ತಮ್ಮಾ?” ಅಂದರು.

ಜಾತ್ರೆಯ ಕುಸ್ತಿ ಆಡಿದವರಿಗೆ ಇದು ಮೊದಲ ಪ್ರಶ್ನೆ. ಬೆಳ್ಳಿ ಕಡಗ ಯಾವ ಸಾಹುಕಾರರದ್ದು, ಮೈಕಿನಲ್ಲಿ ಯಾರ ಹೆಸರು ಎಷ್ಟು ಸಲ ಕೂಗುತ್ತಾರೆ, ಇದು ಗೊತ್ತಾಗದೆ ಲಂಗೋಟಿ ಬಿಗಿಯುವುದಿಲ್ಲ. ಸಾಗರದ ಕುಸ್ತಿಯೂ ಹಾಗೇ. 1997ರಲ್ಲಿ ಚೇ ಬ್ಲೈತ್ ಅಟ್ಲಾಂಟಿಕ್ ದೋಣಿ ಪಂದ್ಯ ಶುರುಮಾಡಿದಾಗ ಅದಕ್ಕೆ ಅಂಟಿದ್ದು ಬಾರ್ಬಡೋಸ್‌ನ ಪೋರ್ಟ್ ಸೇಂಟ್ ಚಾರ್ಲ್ಸ್‌ ಎಂಬ ಐಷಾರಾಮಿ ವಸತಿಯ ಹೆಸರು. 2001ರಲ್ಲಿ ವಾರ್ಡ್ ಇವಾನ್ಸ್ ಎಂಬ ಕಂಪನಿಯದು. ಆಮೇಲೆ ಹಲವು ವರ್ಷ ಟಾಲಿಸ್ಕರ್ ಎಂಬ ವಿಸ್ಕಿಯದು. ಕುಡಿಯುವ ನೀರಿಗೇ ಯಂತ್ರ ನಂಬಿ ಹೋಗುವವರ ಪಂದ್ಯಕ್ಕೆ ವಿಸ್ಕಿಯ ಹೆಸರು!

ಬ್ಲೈತ್ ಸ್ವತಃ 1966ರಲ್ಲಿ ಜಾನ್ ರಿಡ್ಜ್‌ವೇ ಜೊತೆ 92 ದಿನ ಹುಟ್ಟು ಹಾಕಿ ಅಟ್ಲಾಂಟಿಕ್ ದಾಟಿದವರು. ಅದೇ ವರ್ಷ ಅದೇ ನೀರಿಗೆ ಇಳಿದ ಇನ್ನೊಂದು ಜೋಡಿ, ಡೇವಿಡ್ ಜಾನ್‌ಸ್ಟನ್ ಮತ್ತು ಜಾನ್ ಹೋರ್, ತಿರುಗಿ ಬರಲಿಲ್ಲ. ಅವರ ‘ಪಫಿನ್’ ದೋಣಿ ಮಾತ್ರ ಮಗುಚಿದ ಸ್ಥಿತಿಯಲ್ಲಿ ಸಿಕ್ಕಿತು.

2001ರ ಪಂದ್ಯಕ್ಕೆ ಬನ್ನಿ. ಇಂಗ್ಲೆಂಡಿನ ಗಂಡ-ಹೆಂಡತಿ, ಆಂಡ್ರ್ಯೂ ಮತ್ತು ಡೆಬ್ರಾ ವೀಲ್. 23 ಅಡಿಯ ಪ್ಲೈವುಡ್ ದೋಣಿ. ಹೆಸರು ‘ಟ್ರೋಯ್ಕಾ ಟ್ರಾನ್ಸ್‌ಅಟ್ಲಾಂಟಿಕ್’. ಮೊದಲ ಪದ ಪ್ರಾಯೋಜಕರದ್ದು. ಗಂಡ ಪಳಗಿದ ಹುಟ್ಟುಗಾರ, ಆಳೆತ್ತರದ ಆಳು. ಹೆಂಡತಿ ಈ ವಿದ್ಯೆಗೆ ಹೊಸಬಳು. ನೆಲ ಮರೆಯಾದ ಮೇಲೆ ಆಗಿದ್ದು ಯಾರ ಲೆಕ್ಕಕ್ಕೂ ಸಿಗದ್ದು: ತೆರೆದ ಸಾಗರದ ಭಯ ಆಂಡ್ರ್ಯೂವನ್ನು ಹಿಡಿಯಿತು. ಎರಡು ವಾರದಲ್ಲಿ ಅವನನ್ನು ಒಯ್ಯಲು ರಕ್ಷಣಾ ನೌಕೆ ಬಂತು. ಖಾಲಿ ದೋಣಿಯನ್ನು ಕಡಲಲ್ಲಿ ಬಿಡುವಂತಿಲ್ಲ, ಹಡಗುಗಳಿಗೆ ಅಪಾಯ, ಸುಟ್ಟುಬಿಡುವುದೇ ರೂಢಿ. ಡೆಬ್ರಾ ಹತ್ತಲಿಲ್ಲ. ಗಂಡನನ್ನು ಬೀಳ್ಕೊಟ್ಟು, ಇಬ್ಬರಿಗಾಗಿ ಮಾಡಿದ ದೋಣಿಯಲ್ಲಿ ಒಬ್ಬಳೇ ಕೂತು ಹುಟ್ಟು ಹಿಡಿದಳು. ರಾತ್ರಿ ಹಡಗುಗಳ ದಾರಿಯಲ್ಲಿ ಒಂಟಿ ದೀಪ. ಮಲಗಿದರೆ ಗುದ್ದುತ್ತದೋ ಎಂಬ ದಿಗಿಲು, ಎಚ್ಚರವಿದ್ದರೆ ಮುಗಿಯದ ನೀರು. ಮೂರು ತಿಂಗಳಿಗೂ ಹೆಚ್ಚು ಕಾಲ! 2002ರ ಜನವರಿ ಕೊನೆಯಲ್ಲಿ ಬಾರ್ಬಡೋಸ್ ಕಂಡಳು. ಪ್ರಾಯೋಜಕರ ಒಪ್ಪಂದದಲ್ಲಿ ಗಂಡನ ಭಯಕ್ಕೆ ಒಂದು ಕಾಲಂ ಇದ್ದೀತೇ?

“ನಿದ್ದಿ ಮಾಡಿದಾಗ ದೋಣಿ ಹಿಂದ ಹೋಗಂಗಿಲ್ಲೇನು?” ಪೈಲ್ವಾನರು ಮೀಸೆ ಒರೆಸಿಕೊಂಡು ಕೇಳಿದರು.

ಹೋಗುತ್ತದೆ, ಕಾಕಾ. ಗಾಳಿ ಎದುರಾದರೆ ನೀರಿನೊಳಗೆ ದೊಡ್ಡ ಕೊಡೆಯಂಥ ಬಟ್ಟೆ ಬಿಡುತ್ತಾರೆ, ದೋಣಿ ಜಗ್ಗಿ ನಿಲ್ಲಲಿ ಅಂತ. ಆದರೂ ಬೆಳಿಗ್ಗೆ ಎದ್ದರೆ ನಿನ್ನೆ ಬೆವರು ಸುರಿಸಿದ ಮೈಲುಗಳು ಕೈಬಿಟ್ಟಿರುತ್ತವೆ. ಉಪ್ಪಿಗೆ ಕುಂಡೆಯ ಚರ್ಮ ಸುಲಿಯುತ್ತದೆ, ಅಂಗೈ ಬೊಬ್ಬೆ ಒಡೆದು ಮತ್ತೆ ಬೊಬ್ಬೆ. ದೋಣಿಯ ತಳಕ್ಕೆ ಚಿಪ್ಪುಹುಳ ಅಂಟಿದರೆ ವೇಗ ಸಾಯುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸಾಗರಕ್ಕೇ ಇಳಿದು ಕೆರೆಯಬೇಕು. ಈಗಿನ ದೋಣಿಗಳು ಮಗುಚಿದರೆ ತಾವೇ ಎದ್ದು ಕೂರುತ್ತವೆ, ಕೋಣೆಯ ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ. ಬಿಸಿಲಿನ ಕರೆಂಟಿನಿಂದ ಉಪ್ಪುನೀರು ಸಿಹಿಯಾಗುತ್ತದೆ, ಯಂತ್ರ ಕೆಡದಿದ್ದರೆ. ಇಂಥ ಒಂದೊಂದು ‘ಇದ್ದರೆ’ಗೂ ಬೆಲೆ ಇದೆ. ಆ ಬೆಲೆಗಾಗಿಯೇ ಕಂಪನಿಗಳ ಬಾಗಿಲು ತಟ್ಟುವುದು. ಕಂಪನಿಗೆ ಬೇಕಾದದ್ದು ಹೊರಡುವ ದಿನದ ಫೋಟೊ, ಮುಟ್ಟುವ ದಿನದ ಫೋಟೊ. ನಡುವಿನ ದಿನಗಳಲ್ಲಿ ದೋಣಿಯ ಮೇಲಿನ ಹೆಸರನ್ನು ಹಕ್ಕಿಯೊಂದು ಬಿಟ್ಟರೆ ಓದುವವರಿಲ್ಲ.

ಈಗ ನಮ್ಮ ಹುಡುಗಿ. ಅನನ್ಯಾ ಪ್ರಸಾದ್. ಬೆಂಗಳೂರಿನಿಂದ ಎಳವೆಯಲ್ಲೇ ಇಂಗ್ಲೆಂಡಿಗೆ ಹೋದವಳು, ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು. ಮೂರು ವರ್ಷಕ್ಕೂ ಮಿಕ್ಕಿದ ತಯಾರಿ. 2024ರ ಡಿಸೆಂಬರ್‌ನಲ್ಲಿ ಇಂಥದ್ದೇ ಅಟ್ಲಾಂಟಿಕ್ ಪಂದ್ಯಕ್ಕೆ ಸ್ಪೇನ್‌ನ ಲಾ ಗೊಮೆರಾ ದ್ವೀಪದಿಂದ ಒಬ್ಬಳೇ ಹೊರಟಳು. ಎದುರಿಗೆ ಮೂರು ಸಾವಿರ ಮೈಲು, ಆಚೆ ದಡ ಕೆರಿಬಿಯನ್ನಿನ ಆಂಟಿಗಾ. ದಾರಿಯ ಮಧ್ಯೆ, ಹಿಂದಿನ ದಡವೂ ದೂರ, ಮುಂದಿನ ದಡವೂ ದೂರ ಇರುವಲ್ಲಿ, ಒರಟು ಅಲೆಗಳ ಹೊಡೆತಕ್ಕೆ ಚುಕ್ಕಾಣಿ ಮುರಿಯಿತು.

ಚುಕ್ಕಾಣಿ ಇಲ್ಲದ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯ ಪಕ್ಕೆಗೆ ಅಲೆ ಬಡಿಯುತ್ತದೆ. ಪಕ್ಕೆಗೆ ಬಡಿದರೆ ಹಾರ್ಬೋನ ಗತಿ. ಪಂದ್ಯದ ನಿಯಮ ಬೇರೆ: ಹೊರಗಿನವರ ಕೈ ಸೋಕುವಂತಿಲ್ಲ. ಕರೆದು ಕೇಳಲು ನೆರೆಮನೆಯಿಲ್ಲ. ಇದ್ದದ್ದು ಬದಲಿ ಚುಕ್ಕಾಣಿ, ಅವಳ ಎರಡು ಕೈ. ಕುಣಿಯುವ ದೋಣಿಯಲ್ಲಿ ತಾನೇ ಸರಿಮಾಡಿಕೊಂಡಳು. ಮತ್ತೆ ಹುಟ್ಟು ಹಿಡಿದಳು.

52 ದಿನ, 5 ಗಂಟೆ, 44 ನಿಮಿಷ. ಅಟ್ಲಾಂಟಿಕ್ಕನ್ನು ಒಬ್ಬಂಟಿಯಾಗಿ ಹುಟ್ಟು ಹಾಕಿ ದಾಟಿದ ಮೊದಲ ಬಿಳಿಯೇತರ ಮಹಿಳೆ ಎಂದು ಸುದ್ದಿಯಾಯಿತು. ಇಬ್ಬರು ಗಂಡಾಳುಗಳ ‘ಫಾಕ್ಸ್’ ಬೇರೆ ದಾರಿಯಲ್ಲಿ 55 ದಿನ ತೆಗೆದುಕೊಂಡಿತ್ತು. ಆ ದಾರಿಯ ದಾಖಲೆ 114 ವರ್ಷ ಮಿಸುಕಲಿಲ್ಲ. 2010ರಲ್ಲಿ ನಾಲ್ವರು ಸೇರಿ 43 ದಿನದಲ್ಲಿ ಮುರಿದರು. ಅವರ ದೋಣಿಯ ಹೆಸರು ‘ಆರ್ಟೆಮಿಸ್ ಇನ್‌ವೆಸ್ಟ್‌ಮೆಂಟ್ಸ್’. ಪತ್ರಿಕೆಯ ಸಾಹುಕಾರನನ್ನು ಹೂಡಿಕೆ ಕಂಪನಿ ಸೋಲಿಸಿತು ಅನ್ನಬೇಕೋ ಏನೋ.

ಅನನ್ಯಾಳ ದೋಣಿ ಮಾತ್ರ ರೊಕ್ಕವನ್ನು ನೀರಿನಿಂದ ನೆಲಕ್ಕೆ ತಂದಿತು. ಒಂದೂವರೆ ಲಕ್ಷ ಪೌಂಡಿಗೂ ಹೆಚ್ಚು ಒಟ್ಟಾಯಿತು. ಒಂದು ಪಾಲು ಬ್ರಿಟನ್ನಿನ ಮೆಂಟಲ್ ಹೆಲ್ತ್ ಫೌಂಡೇಶನ್‌ಗೆ, ಇನ್ನೊಂದು ಚಾಮರಾಜನಗರದ ದೀನಬಂಧು ಟ್ರಸ್ಟಿಗೆ. ಕವಿಯ ಮಗ ಜಯದೇವ ಅವರು ಅನಾಥ ಮಕ್ಕಳಿಗಾಗಿ ಕಟ್ಟಿದ ಮನೆ ಅದು.

ಪೈಲ್ವಾನರು ಬಸಿಯಲ್ಲಿ ಆರಿದ ಚಹಾ ಸುರ್ರೆಂದು ಎಳೆದರು.

“ಗೆದ್ದಾಕಿಗೆ ಇನಾಮು ಏನ್ ಕೊಟ್ರು?”

“ಈ ಪಂದ್ಯದಾಗ ರೊಕ್ಕದ ಇನಾಮು ಇಲ್ಲ, ಕಾಕಾ.”

“ಕಡಗಾನೂ ಇಲ್ಲಾ?”

“ಇಲ್ಲ.”

ಅವರು ತಮ್ಮ ಬಲಗೈ ಮಣಿಕಟ್ಟಿನ ಸವೆದ ಬೆಳ್ಳಿಯನ್ನು ಒಂದು ಸುತ್ತು ತಿರುಗಿಸಿದರು. “ಚುಕ್ಕಾಣಿ ಮುರದದ್ದು ಮತ್ತೊಮ್ಮೆ ಹೇಳು,” ಅಂದರು.