ಅರಿಶಿನ ಹೇಳಿದ್ದು, ದಾಸವಾಳ ಹೇಳಿದ್ದು

ಹಬ್ಬ ಬಂತೆಂದರೆ ಚಾಮರಾಜಪೇಟೆಯ ನಮ್ಮ ಮನೆಯಿಂದ ಚೀಟಿ ಹಿಡಿದು ಕೃಷ್ಣರಾಜ ಮಾರುಕಟ್ಟೆಗೆ ಹೊರಡುವವಳು ನಾನು. ಹೂವು, ವೀಳ್ಯದೆಲೆ, ಅರಿಶಿನ, ಸುಣ್ಣ, ನಿಂಬೆಹಣ್ಣು. ಈ ಚೀಟಿಯಲ್ಲೇ ಒಂದು ಪ್ರಯೋಗಾಲಯ ಇದೆ ಎಂದಾಗ ಆರನೇ ತರಗತಿಯ ಮೊಮ್ಮಗ ನಕ್ಕುಬಿಟ್ಟ. “ಅಜ್ಜಿ, ನಿಂಗೆ ಸೈನ್ಸ್ ಎಲ್ಲಾ ಗೊತ್ತಾ?”

ನಾನು ಓದಿದ ಶಾಲೆಯಲ್ಲಿ ಪ್ರಯೋಗಾಲಯವೇ ಇರಲಿಲ್ಲ. ಆಮ್ಲ, ಪ್ರತ್ಯಾಮ್ಲ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಬರೆದವಳು ನಾನು. ಆದರೆ ನಾಮಕರಣ, ಮದುವೆಗಳಲ್ಲಿ ಆರತಿಯ ಕೆಂಪು ನೀರು ಕಲಸಲು ನನ್ನನ್ನೇ ಕರೆಯುತ್ತಾರೆ. ಅದನ್ನೇ ಅವನೆದುರು ಮಾಡಿದೆ. ಬಟ್ಟಲಿನ ನೀರಿಗೆ ಅರಿಶಿನ, ಮೇಲೆ ಚಿಟಿಕೆ ಸುಣ್ಣ. ಹಳದಿ ಹೋಗಿ ಕೆಂಪಾಯಿತು. “ಈಗ ನಿಂಬೆಹಣ್ಣು ಹಿಂಡೋ” ಎಂದೆ. ಹಿಂಡಿದ. ನೀರು ಮತ್ತೆ ಹಳದಿ!

“ಯಾಕಜ್ಜಿ?”

ಅರಿಶಿನಕ್ಕೆ ಬಣ್ಣ ಕೊಡುವುದು ಕರ್ಕ್ಯುಮಿನ್ ಎಂಬ ವಸ್ತು. ಸುಣ್ಣ, ಸೋಪಿನಂಥ ಪ್ರತ್ಯಾಮ್ಲ ಸೋಕಿದರೆ ಅದು ಕೆಂಪಾಗುತ್ತದೆ. ನಿಂಬೆಯ ಆಮ್ಲ ಬಿದ್ದರೆ ಹಳದಿಗೆ ಮರಳುತ್ತದೆ. ಸಾರಿನ ಕಲೆಗೆ ಸೋಪು ಹಚ್ಚಿದಾಗ ಅಂಗಿ ಕೆಂಪಾಗುವುದೂ ಇದಕ್ಕೇ.

ಮಕ್ಕಳೇ, ನೀವೂ ಮಾಡಿ ನೋಡಿ. ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು, ನೆರಳಿನಲ್ಲಿ ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿ. ಸೋಪಿನ ನೀರು, ಹುಣಸೆ ರಸ, ಮಜ್ಜಿಗೆ, ಬರೀ ನೀರು ಇವುಗಳಲ್ಲಿ ಒಂದೊಂದು ಪಟ್ಟಿ ಅದ್ದಿ. ಅದ್ದುವ ಮೊದಲೇ ಏನಾಗಬಹುದೆಂದು ಊಹಿಸಿ ಬರೆದಿಡಿ. ಸುಣ್ಣವನ್ನು ಮಾತ್ರ ಅಜ್ಜ ಅಜ್ಜಿಯರೇ ಮುಟ್ಟಲಿ. ಕಣ್ಣಿಗೆ ಬಿದ್ದರೆ ಅಪಾಯ. ಪ್ರಯೋಗಕ್ಕೆ ಬಳಸಿದ್ದನ್ನು ಬಾಯಿಗೆ ಹಾಕಬೇಡಿ.

ನಮ್ಮ ಹುಡುಗ ಇಲ್ಲೇ ಒಂದು ತಕರಾರು ತೆಗೆದ. “ಹುಣಸೆ ರಸದಲ್ಲೂ ಹಳದಿ, ನೀರಲ್ಲೂ ಹಳದಿ. ಹಾಗಾದ್ರೆ ಎರಡೂ ಒಂದೇನಾ?” ನನಗೆ ಹಿಗ್ಗಾಯಿತು. ಅರಿಶಿನ ಪ್ರತ್ಯಾಮ್ಲವನ್ನು ಮಾತ್ರ ಗುರುತಿಸುತ್ತದೆ. ಆಮ್ಲವನ್ನೂ ನೀರನ್ನೂ ಬೇರೆ ಮಾಡಿ ಹೇಳಲಾರದು. ಇನ್ನೊಂದು ಸಾಕ್ಷಿ ಬೇಕು. ಹಿತ್ತಲಿನ ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಣ್ಣ ಇಳಿಸಿದೆವು. ಹುಣಸೆ ರಸ ಬೆರೆಸಿದಾಗ ಅದು ಗಾಢ ಗುಲಾಬಿಯಾಯಿತು, ಸೋಪಿನ ನೀರಿಗೆ ಹಸಿರಾಯಿತು, ಬರೀ ನೀರಿಗೆ ತೆಳುವಾಯಿತು ಅಷ್ಟೆ. ತಕರಾರು ಬಗೆಹರಿಯಿತು.

ಬಸವನಗುಡಿಯ ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದು ಎಂಬುದು ಅವರು ಹೇಳಿಕೊಟ್ಟ ಪಾಠ. ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು “ಯಾಕೆ?” ಎಂದರೆ “ನಮ್ಮ ಕಾಲದಿಂದ ಹಾಗೇ” ಎಂದು ಬಾಯಿ ಮುಚ್ಚಿಸಬೇಡಿ. ಬಟ್ಟಲು ತನ್ನಿ.

ಈ ವಾರಕ್ಕೊಂದು ಕೆಲಸ: ಎರಡು ಬಿಳಿ ಬಟ್ಟೆ ಚೂರುಗಳಿಗೆ ಅರಿಶಿನದ ನೀರು ಹಚ್ಚಿ, ಒಂದನ್ನು ಬಿಸಿಲಿನಲ್ಲಿ, ಇನ್ನೊಂದನ್ನು ಬೀರುವಿನಲ್ಲಿ ಇಡಿ. ನಾಲ್ಕು ದಿನದ ಮೇಲೆ ಯಾವುದರ ಹಳದಿ ಉಳಿದಿರುತ್ತದೆ? ಊಹೆ ಮೊದಲು, ನೋಡುವುದು ಆಮೇಲೆ.