ಪಾಯದ ದುಡ್ಡು

ನಾನಾಗ ಒಂಬತ್ತನೇ ತರಗತಿ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಊರಿನವರ ಮನೆ ಅರ್ಜಿಗಳೆಲ್ಲ ನನ್ನ ಕೈಗೆ ಬರುತ್ತಿದ್ದವು. 1997ರ ಆ ಗ್ರಾಮಸಭೆಗೆ ನಾನು ಬರೆದುಕೊಟ್ಟ ಅರ್ಜಿಗಳು ಇಪ್ಪತ್ತೇಳು. ಇಪ್ಪತ್ತೆಂಟನೆಯದು ನಮ್ಮದೇ. ಅದನ್ನು ಬರೆಸಿದವನು ಅಪ್ಪ, ಅವ್ವನಿಗೆ ಗೊತ್ತಾಗದ ಹಾಗೆ.

ಅವ್ವ ಪಂಚಾಯಿತಿ ಸದಸ್ಯೆ. ಹೊಸ ಪಂಚಾಯತ್‌ರಾಜ್ ಕಾಯ್ದೆ ಬಂದು 1993ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದಾಗ ಮೂರರಲ್ಲಿ ಒಂದು ಪಾಲು ಸ್ಥಾನ ಹೆಂಗಸರಿಗೆ ಬಂತಲ್ಲ, ಹಾಗೆ ಗೆದ್ದವಳು. ಸಹಿ ಹಾಕುವುದನ್ನು ಕಲಿತದ್ದು ಗೆದ್ದ ಮೇಲೆ. ಕಲಿಸಿದ ಮೇಷ್ಟ್ರು ನಾನು.

ಇಂದಿರಾ ಆವಾಸ್ ಯೋಜನೆಯಲ್ಲಿ ನಮ್ಮೂರಿಗೆ ಬಂದದ್ದು ಎರಡು ಮನೆ. ಎರಡೇ ಏಕೆ ಎಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೆಹಲಿಯಿಂದ ಹಣ ಬರಬೇಕು, ರಾಜ್ಯ ತನ್ನ ಪಾಲು ಸೇರಿಸಬೇಕು, ಯಾವ ಪಂಚಾಯಿತಿಗೆ ಎಷ್ಟು ಮನೆ ಎಂದು ಜಿಲ್ಲೆಯಲ್ಲಿ ಗೊತ್ತುಮಾಡಬೇಕು. ಯಾರಿಗೆ ಎಂಬುದೊಂದನ್ನು ಮಾತ್ರ ಗ್ರಾಮಸಭೆಗೆ ಬಿಟ್ಟಿದ್ದರು. ಗ್ರಾಮಸಭೆ ಆರಿಸಿದ ಮೇಲೆ ಮೇಲಿನವರ ಒಪ್ಪಿಗೆ ಬೇಕಿಲ್ಲ ಎಂದು ನಿಯಮ. ಓದಲು ದೊಡ್ಡ ಅಧಿಕಾರವೇ. ಪೌರನೀತಿ ಪಾಠದಲ್ಲಿ ಅದನ್ನು ಬಾಯಿಪಾಠ ಮಾಡಿ ನಾನು ಅಂಕ ಪಡೆದದ್ದೂ ಉಂಟು. ಆದರೆ ಎರಡು ಎಂದು ತೀರ್ಮಾನಿಸಿದವರು ನೀರಿನ ಕೊಳಾಯಿಯ ಹತ್ತಿರ ಸಿಗುವುದಿಲ್ಲ, ಅವ್ವ ಸಿಗುತ್ತಾಳೆ. ಬೈಗುಳವೆಲ್ಲ ಅವಳ ಪಾಲಿಗೆ.

ಶಾಲೆಯ ಜಗುಲಿಯ ಮೇಲೆ ಸಭೆ. ಅರ್ಜಿಗಳನ್ನು ಓದುವ ಕೆಲಸ ನನ್ನದು. ನಮ್ಮದರ ಸರದಿ ಬಂದಾಗ ನನ್ನ ದನಿ ಇಳಿಯಿತು. ಅವ್ವ ಕೈ ಚಾಚಿ ಕಾಗದ ಇಸಕೊಂಡು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ‘ಮುಂದಿನದು ಓದು’ ಅಂದಳು, ಅಷ್ಟೆ. ಆ ವಾರವೆಲ್ಲ ಅಪ್ಪ ಮನೆಯಲ್ಲಿ ಉಂಡ, ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ಸಿಟ್ಟು ನನಗೂ ಇತ್ತು. ಮಳೆ ಬಂದ ರಾತ್ರಿ ಪುಸ್ತಕದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದವನು ನಾನು ತಾನೆ!

ಎರಡರಲ್ಲಿ ಒಂದು ಮನೆ ನಮ್ಮ ಬೀದಿಯ ಒಬ್ಬ ವಿಧವೆಗೆ ಆಯಿತು. ಅವಳ ಗುಡಿಸಲಿನ ಗೋಡೆ ಹಿಂದಿನ ಮಳೆಗಾಲದಲ್ಲೇ ಬಿದ್ದಿತ್ತು. ಊರು ಅದನ್ನು ಒಪ್ಪಿತು. ಹದಿನೈದು ದಿನ ಕಳೆದ ಮೇಲೆ ಅವಳು ನಮ್ಮ ಬಾಗಿಲಿಗೆ ಬಂದು ಕೂತಳು.

‘ಮನೆ ಏನೋ ಕೊಟ್ರಿ. ಪಾಯಕ್ಕೆ ದುಡ್ಡು ಯಾರು ಕೊಡ್ತಾರೆ ಕಣವ್ವ?’

ಪಾಯ ಎದ್ದ ಮೇಲೆ ಎಂಜಿನಿಯರು ಬಂದು ನೋಡಿ ಬರೆಯಬೇಕು, ಆಮೇಲೆ ಮೊದಲ ಕಂತು ಎಂದು ಅವಳಿಗೆ ಹೇಳಿ ಕಳಿಸಿದ್ದರು. ಇಪ್ಪತ್ತು ಚದರ ಮೀಟರಿನ ಮನೆ, ಮೇಸ್ತ್ರಿಯ ಲೆಕ್ಕದಲ್ಲಿ ಎರಡು ಚದರ. ಎಷ್ಟು ಚಿಕ್ಕದಾದರೂ ಕಲ್ಲು ಬೇಕು, ಮರಳು ಬೇಕು, ಗುಂಡಿ ತೋಡಿದವರಿಗೆ ಕೂಲಿ ಬೇಕು. ಅಷ್ಟು ದುಡ್ಡು ಕೈಯಲ್ಲಿದ್ದವಳು ಬಿದ್ದ ಗೋಡೆಗೆ ಸೋಗೆ ಒರಗಿಸಿಕೊಂಡು ಇರುತ್ತಿದ್ದಳೆ?

ಅವ್ವ ಮುಂದಿನ ಪಂಚಾಯಿತಿ ಸಭೆಯಲ್ಲಿ ಕೇಳಿದಳು: ಪಾಯದ ಮಟ್ಟಿಗೆ ಪಂಚಾಯಿತಿಯಿಂದಲೇ ಕೊಟ್ಟು, ಕಂತು ಬಂದಾಗ ಹಿಡಿದುಕೊಂಡರೆ ಆಗದೇ? ಕಾರ್ಯದರ್ಶಿ ಲೆಕ್ಕದ ಪುಸ್ತಕ ತೆಗೆದು ತೋರಿಸಿದರಂತೆ. ವಸೂಲಾದ ಮನೆ ಕಂದಾಯ ಬೀದಿದೀಪಕ್ಕೂ ನೀರು ಬಿಡುವವನ ಸಂಬಳಕ್ಕೂ ಸಾಲುತ್ತಿರಲಿಲ್ಲ. ಉಳಿದ ಹಣ ಯಾವ ಬಾಬಿಗೆ ಬಂದಿದೆಯೋ ಅದಕ್ಕೇ ಖರ್ಚಾಗಬೇಕು. ಅವ್ವ ಮನೆಗೆ ಬಂದು ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಹಂಗಾರೆ ಆ ಪುಸ್ತಕದಾಗೆ ನಮ್ದು ಅಂತ ಏನೈತೆ?’ ಅಂದಳು. ಒಂಬತ್ತನೇ ತರಗತಿಯವನಿಗೆ ಉತ್ತರ ಗೊತ್ತಿರಲಿಲ್ಲ. ಈಗಲೂ ಧೈರ್ಯವಾಗಿ ಹೇಳಲಾರೆ.

ವಿಧವೆ ಕಾಲಿನ ಕಡಗ ಒತ್ತೆಯಿಟ್ಟು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಸಾಲ ತಂದಳು. ಪಾಯ ಎದ್ದಿತು, ಕಂತು ಬಂತು, ಅದರಲ್ಲಿ ಒಂದು ಪಾಲು ಬಡ್ಡಿಗೆ ಹೋಯಿತು. ಗೋಡೆ ಲಿಂಟಲ್‌ವರೆಗೆ ಬಂದು ನಿಂತು, ಎರಡು ವರ್ಷ ಅದರ ಮೇಲೆ ತೆಂಗಿನ ಗರಿಯೇ ಛಾವಣಿ. ಸರ್ಕಾರದ ಲೆಕ್ಕದಲ್ಲಿ ಆ ಎರಡು ವರ್ಷ ಅವಳು ಮನೆ ಕೊಟ್ಟವರ ಪಟ್ಟಿಯಲ್ಲಿದ್ದಳು. ಕೊನೆಗೆ ಹೆಂಚು ಬಿತ್ತು. ಕಡಗ ಮಾತ್ರ ವಾಪಸು ಬರಲಿಲ್ಲ.

2016ರಲ್ಲಿ ಆ ಯೋಜನೆ ಪ್ರಧಾನಮಂತ್ರಿ ಆವಾಸ್ ಯೋಜನೆಯಾಯಿತು. ಇಪ್ಪತ್ತು ಚದರ ಮೀಟರು ಇಪ್ಪತ್ತೈದಾಯಿತು, ಬಯಲುಸೀಮೆಯಲ್ಲಿ 70,000 ರೂಪಾಯಿ ಇದ್ದದ್ದು 1.20 ಲಕ್ಷವಾಯಿತು. ಕೇಂದ್ರದ್ದು ನೂರರಲ್ಲಿ ಅರವತ್ತು, ರಾಜ್ಯದ್ದು ನಲವತ್ತು. ಹಂತ ಹಂತಕ್ಕೆ ಮೊಬೈಲಿನಲ್ಲಿ ಫೋಟೊ, ಕಂತು ನೇರ ಬ್ಯಾಂಕಿಗೆ. ಮಂಜೂರಾತಿ ಪತ್ರ ಕೊಟ್ಟ ಕೆಲವೇ ದಿನಗಳಲ್ಲಿ ಮೊದಲ ಕಂತು ಕೊಡಬೇಕು ಎಂಬ ಸಾಲೂ ಅದರ ಮಾರ್ಗಸೂಚಿಯಲ್ಲಿದೆ. ಅದನ್ನು ಓದಿದ ದಿನ ತಡೆಯಲಾರದೆ ಅವ್ವನಿಗೆ ಫೋನು ಮಾಡಿದೆ. ಆ ವಿಧವೆ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು.

ಅವ್ವ ಪೂರ್ತಿ ಕೇಳಿಸಿಕೊಂಡಳು. ಒಳ್ಳೆಯದಾಯಿತು ಅನ್ನುತ್ತಾಳೆ ಅಂದುಕೊಂಡಿದ್ದೆ.

‘ಅದಿರ್ಲಿ, ನಮ್ಮೂರಿಗೆ ಎಷ್ಟು ಮನೆ ಅಂತ ಬರ್ದವ್ರೆ?’ ಅಂದಳು.